ಅಂಚಿಗೆ ಬಿದ್ದ ಭಾರ

ಹೊಸ ಟೂತ್‌ಪೇಸ್ಟು ತೆಗೆದ ದಿನ ಅದರ ರಟ್ಟಿನ ಡಬ್ಬಿಯನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುವುದಿಲ್ಲ. ಎಸೆದರೂ ನಾನು ಕಸದ ಬುಟ್ಟಿಯಿಂದ ಎತ್ತಿಕೊಳ್ಳುತ್ತೇನೆಂದು ಎಲ್ಲರಿಗೂ ಗೊತ್ತು. ಅದರ ಎರಡು ತುದಿ ಹಿಡಿದು, ಒದ್ದೆ ಪಂಚೆ ಹಿಂಡುವಂತೆ ತಿರುಚಿ ನೋಡುತ್ತೇನೆ. ಡಬ್ಬಿ ಸೆಟೆದು ನಿಲ್ಲುತ್ತದೆ. ಆಮೇಲೆ ಅಂಟು ಹಾಕಿದ ಅಂಚನ್ನು ಉದ್ದಕ್ಕೂ ಉಗುರಿನಿಂದ ಬಿಡಿಸಿ ಮತ್ತೆ ತಿರುಚುತ್ತೇನೆ. ಅದೇ ರಟ್ಟು, ಅದೇ ಅಳತೆ, ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ; ಆದರೂ ಈಗ ಅದು ಬಾಡಿದ ಬಾಳೆಯೆಲೆಯಂತೆ ಕೈ ಹೊರಳಿದತ್ತ ಹೊರಳುತ್ತದೆ. ನೀವೂ ಒಮ್ಮೆ ಮಾಡಿ ನೋಡಿ, ಒಂದು ನಿಮಿಷದ ಕೆಲಸ. ನನಗೆ ಮಾತ್ರ ಅದು ಇಷ್ಟು ವರ್ಷಗಳಾದರೂ ಮುಗಿಯದ ಕೆಲಸ.

ನಾನು ಬೋರ್ಡಿಂಗಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ ಹುಡುಗರಿಗೆ ಯಂತ್ರದ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದೆ. ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಹುಡುಗನನ್ನು ಹೊರಗೆ ನಿಲ್ಲಿಸುತ್ತಿದ್ದೆ. ಆದ್ದರಿಂದಲೇ, ಸದಲಗಾದ ಆಚೆ ನನ್ನ ಅಕ್ಕ ಪದ್ದಕ್ಕನನ್ನು ಕೊಟ್ಟ ಊರಿನವರು ತಮ್ಮ ಹಳ್ಳಕ್ಕೊಂದು ಕಾಲುಸೇತುವೆ ಬೇಕೆಂದಾಗ ನೆಟ್ಟಗೆ ನನ್ನ ಹತ್ತಿರ ಬಂದರು. ಊರಿನ ಹೆಂಗಸರು ದಿನಕ್ಕೆರಡು ಸಲ ಹಾಲು ಹೊತ್ತು ಹಳ್ಳದಾಚೆಯ ಡೇರಿಗೆ ಹೋಗಬೇಕಿತ್ತು. ಸುತ್ತಿನ ದಾರಿ ಹಿಡಿದರೆ ಎರಡು ಮೈಲಿ.

ಎರಡು ದಂಡೆಯ ಕಲ್ಲಿನ ಕಟ್ಟೆಗಳ ನಡುವೆ ನಾನು ಒಂದೇ ಒಂದು ಕಬ್ಬಿಣದ ಗರ್ಡರ್ ಹಾಯಿಸಿದೆ. ಇಂಗ್ಲಿಷಿನ 'ಐ' ಅಕ್ಷರದ ಆಕಾರ: ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನಿಂತ ತೆಳು ಗೋಡೆ. ಮೇಲಿಂದ ಬಿದ್ದ ಭಾರಕ್ಕೆ ಬಗ್ಗದಿರುವುದರಲ್ಲಿ ಅಷ್ಟೇ ಕಬ್ಬಿಣದ ಬೇರಾವ ಆಕಾರವೂ ಅದರ ಸಮಕ್ಕೆ ಬರುವುದು ಕಷ್ಟ. ಅದರ ಬೆನ್ನ ಮೇಲೆ ಮೂರು ಅಡಿ ಉದ್ದದ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಇಕ್ಕೆಲಕ್ಕೆ ಕೈ ಹಿಡಿಯಲು ಒಂದೊಂದು ತಂತಿ ಎಳೆದೆ. ಗೊಬ್ಬರದ ಚೀಲಗಳನ್ನು ತರಿಸಿ, ಸೇತುವೆಯ ನಟ್ಟನಡುವೆ ದಾರ ಹಿಡಿದ ಹಾಗೆ ಸಾಲಾಗಿ ಒಟ್ಟಿದೆ. ಗರ್ಡರ್ ಕಣ್ಣಿಗೆ ಕಾಣುವಷ್ಟೂ ಜಗ್ಗಲಿಲ್ಲ. ಊರವರು ತಲೆದೂಗಿದರು, ನಾನು ಐದು ಗಂಟೆಯ ಬಸ್ಸಿಗೆ ಸರಿಯಾಗಿ ಹೊರಟೆ.

ಆ ಚಳಿಗಾಲದ ಒಂದು ಬೆಳಿಗ್ಗೆ ಭೋಜದ ಕಡೆಯಿಂದ ಜೈನ ಮುನಿಗಳೊಬ್ಬರು ವಿಹಾರ ಮಾಡುತ್ತ ಬಂದರು. ಬರಿಗಾಲಲ್ಲಿ ನಡೆಯುವ ಅವರು ಊರವರು ಎಣಿಸಿದ್ದಕ್ಕಿಂತ ಬೇಗ ಬಂದಿದ್ದರು. ಡೇರಿಗೆ ಹಾಲು ಹಾಕಿ ಹಿಂದಿರುಗುತ್ತಿದ್ದ ಹತ್ತು ಹನ್ನೆರಡು ಹೆಂಗಸರು ಆಗ ಸೇತುವೆಯ ನಡುವೆ ಇದ್ದರು. ಎದುರಿನ ದಂಡೆಯಲ್ಲಿ ಮುನಿಗಳನ್ನು ಕಂಡದ್ದೇ ಅವರೆಲ್ಲ ಹುಟ್ಟಿನಿಂದ ಬಂದ ರೂಢಿಯಂತೆ ದಾರಿ ಬಿಟ್ಟು, ಸೆರಗೂ ತಾಗದಷ್ಟು ದೂರ ಇರಬೇಕೆಂದು ಒಂದೇ ಬದಿಗೆ, ಹಲಗೆಯ ತುತ್ತತುದಿಗೆ ಸರಿದು ಕೈಮುಗಿದು ನಿಂತರು. ಗರ್ಡರ್ ಬಗ್ಗಲಿಲ್ಲ, ಮುರಿಯಲಿಲ್ಲ. ನಿದ್ದೆಯಲ್ಲಿ ಮಗ್ಗುಲಾದ ಹಾಗೆ ಸುಮ್ಮನೆ ಹೊರಳಿತು. ಹಲಗೆಗಳು ವಾಲಿದವು. ಉಳಿದವರು ತಂತಿ ಹಿಡಿದು ಜೋತರು. ಮುಗಿದ ಕೈ ಬಿಡಿಸಲು ತಡಮಾಡಿದ ನನ್ನ ಅಕ್ಕ ಮಾತ್ರ ಕೆಳಗಿನ ಕಲ್ಲುಗಳ ಮೇಲೆ ಬಿದ್ದಳು. ಮುನಿಗಳು ಎತ್ತಿದ ಹೆಜ್ಜೆ ಹಿಂದಿಟ್ಟು, ಅವಳನ್ನು ಮೇಲೆ ತರುವ ತನಕ ದಂಡೆಯಲ್ಲೇ ನಿಂತಿದ್ದು, ಆಮೇಲೆ ಸುತ್ತಿನ ದಾರಿ ಹಿಡಿದರಂತೆ.

ಮರುದಿನ ನಾನು ಹೋದಾಗ ಅಕ್ಕನ ಬಲಗೈಗೆ ಮೊಳಕೈವರೆಗೆ ಪ್ಲಾಸ್ಟರ್ ಹಾಕಿದ್ದರು. ನಾನು ಬಾಗಿಲಲ್ಲೇ ನಿಂತು, ಚೀಲ ಇಟ್ಟು ಪರೀಕ್ಷೆ ಮಾಡಿದ್ದೆನಲ್ಲ ಎಂದು ಗೊಣಗಿದೆ.

"ಚೀಲ ಕೈ ಮುಗೀತಾವೇನೋ ತಮ್ಮಾ?" ಅಂದಳು ಅಕ್ಕ. "ದೊಡ್ಡವರು ಬಂದ್ರ ಸರದು ನಿಂದರ್ತಾವೇನು? ಇಟ್ಟಲ್ಲೇ ಕುಂದರ್ತಾವ. ನಿನ್ನ ಸೇತುವಿ ಚೀಲಕ್ಕ ಚಲೋ ಐತಿ ಬಿಡು."

"ಸರಿ ಮಾಡ್ತೀನಿ ಅಕ್ಕಾ."

"ಮಾಡು. ಆದ್ರ ನಾ ಮಾತ್ರ ಅದರ ಮ್ಯಾಲ ಕಾಲಿಡೂದಿಲ್ಲ."

ಗಂಡಸರು ಗರ್ಡರನ್ನು ನೆಟ್ಟಗೆ ನಿಲ್ಲಿಸಿ ಹಲಗೆ ಸರಿಪಡಿಸಿಕೊಂಡರೂ ಅವಳು ಕಾಲಿಡಲಿಲ್ಲ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಎಡಗೈಯಲ್ಲಿ ಕ್ಯಾನು ಹಿಡಿದು, ದಿನಕ್ಕೆರಡು ಸಲ ಸುತ್ತಿನ ದಾರಿ ನಡೆದಳು. ಅವಳು ನಡೆದದ್ದರಿಂದ ಊರಿನ ಹೆಂಗಸರೆಲ್ಲ ನಡೆದರು. ಯಾರೂ ನನ್ನನ್ನು ಬೈಯಲಿಲ್ಲ. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗದು, ಕುಳಿತಲ್ಲಿ ಕೂರಲಾಗದು ಎಂಬಂತಾಯಿತು. ತರಗತಿಯಲ್ಲಿ ಮಾತು ನಡುವೆಯೇ ಬಿಟ್ಟು ಅಳತೆಪಟ್ಟಿ ತಿರುಚುತ್ತಿದ್ದೆ, ಬಸ್ಸಿನಲ್ಲಿ ಟಿಕೀಟು ಸುರುಳಿ ಸುತ್ತಿ ಹಿಂಡುತ್ತಿದ್ದೆ. ಭಾರ ಎಷ್ಟು ಎಂದು ಲೆಕ್ಕ ಹಾಕಿದ್ದ ನಾನು, ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡಿರಲಿಲ್ಲ. ನನ್ನ ದಿನಚರಿಯೂ ಆ ಗರ್ಡರಿನಂಥದೇ ಅಲ್ಲವೇ ಎಂಬ ಯೋಚನೆ ಆಗ ಹೊಕ್ಕದ್ದು ಇನ್ನೂ ಹೊರಬಿದ್ದಿಲ್ಲ. ಗೊತ್ತಿದ್ದ ದಿಕ್ಕಿನಿಂದ ಎಷ್ಟೇ ಭಾರ ಬರಲಿ, ಹೊತ್ತು ನಿಲ್ಲುತ್ತೇನೆ. ಪಕ್ಕದಿಂದ ಯಾರೋ ಒಬ್ಬರು ಮೆಲ್ಲಗೆ ಒರಗಿದರೆ ಸಾಕು, ಹೊರಳಿಬಿಡುತ್ತೇನೆ.

ಚಿಕ್ಕೋಡಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ದಸ್ತಗೀರ ಮಿಸ್ತ್ರಿಯ ಹತ್ತಿರ ಹೋದೆ. ಅವನು ನಕ್ಕ.

"ಹುಡುಗೂರಿಗೆ ಪಾಠ ಹೇಳೂ ಸರ್ ನೀವು, ನನ್ನ ಕೇಳಾಕ ಬಂದೀರೇನ್ರಿ?" ಎನ್ನುತ್ತ ಟ್ರಾಲಿಗೆ ಹಾಕುವ ಎರಡು ತುಂಡು ಚಾನೆಲ್ ಎತ್ತಿಕೊಂಡ. ಚಾನೆಲ್ ಎಂದರೆ ಮೂರು ಬದಿ ಮುಚ್ಚಿ ಒಂದು ಬದಿ ತೆರೆದ ಕಬ್ಬಿಣ. ಎರಡನ್ನೂ ಬಾಯಿಗೆ ಬಾಯಿ ಹಚ್ಚಿ ಹಿಡಿದು, "ಹಿಂಗ ಕೂಡಿಸಿ ಉದ್ದಕ ವೆಲ್ಡಿಂಗ್ ಹೊಡದ್ರ ಡಬ್ಬಿ ಆಗತೈತ್ರಿ. ಆಮ್ಯಾಲ ಆನಿ ಬಂದು ಅಂಚಿಗೆ ನಿಂತ್ರೂ ತಿರಗೂದಿಲ್ಲ" ಅಂದ.

"ಹಂಗಾದ್ರ ಟ್ರಾಲಿಗೂ ಯಾಕ ಡಬ್ಬಿ ಮಾಡೂದಿಲ್ಲ ನೀನು?"

"ಕಬ್ಬಿನ ಹೊಲದಾಗ ಒಂದು ಗಾಲಿ ಮ್ಯಾಲ, ಒಂದು ಗಾಲಿ ತಗ್ಗಿನ್ಯಾಗ ಇರತಾವ್ರಿ ಸರ. ಟ್ರಾಲಿ ಸೊಲ್ಪ ಮೈ ಹೊರಳಿಸ್ಬೇಕು. ಬಿಗಿ ಮಾಡಿದ್ರ ಜೋಡಣಿ ಸೀಳತಾವ. ಸೇತುವಿ ಹೊಲಕ್ಕ ಹೋಗೂದಿಲ್ಲಲ್ರಿ."

ಹಾಗೆ ಅವನು ನನಗೆ ಸಮಾಧಾನದ ಜೊತೆಗೇ ಇನ್ನೊಂದು ಕಿರಿಕಿರಿಯನ್ನೂ ಕಟ್ಟಿಕೊಟ್ಟ. ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು? ಮುಚ್ಚಿದ ಆಕಾರಕ್ಕೆ ತಿರುಚನ್ನು ತಡೆಯುವ ಶಕ್ತಿ ನೂರಾರು ಪಟ್ಟು ಹೆಚ್ಚೆಂಬುದು ನಿಜ. ಸುತ್ತಿ ಬಂದು ತನ್ನನ್ನೇ ಕೂಡುವ ಗೋಡೆ ಹಿಂಡುವ ಬಲವನ್ನು ಮೈತುಂಬ ಹಂಚಿಕೊಳ್ಳುತ್ತದೆ, ಸೀಳಿದ ಗೋಡೆಗೆ ಆ ಹಂಚಿಕೆ ಸಾಧ್ಯವಿಲ್ಲ. ಆದರೆ ನೆಲವೇ ಡೊಂಕಾಗಿರುವಲ್ಲಿ ಮಣಿಯುವುದೂ ಒಂದು ಬಲ. ಇದಕ್ಕೆ ನನ್ನ ಹತ್ತಿರ ವೇಳಾಪಟ್ಟಿ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಹಳೆಯ ಗರ್ಡರ್ ಇಳಿಸಿ ಹೊಸ ಡಬ್ಬಿ ಏರಿಸಿದೆವು. ಬೆಸುಗೆಯ ಪ್ರತಿ ಗೇಣನ್ನೂ ಸೀಮೆಸುಣ್ಣದಿಂದ ಗುರುತು ಹಾಕಿ ನೋಡಿದೆ, ಎರಡು ತುದಿಗಳನ್ನು ಕಟ್ಟೆಯಲ್ಲಿ ಹೊರಳದಂತೆ ಕಚ್ಚಿಸಿದೆ. ಚೀಲ ತರಿಸಲಿಲ್ಲ. ಮೂರು ದಿನ ಗಂಡಸರು ಓಡಾಡಿದರು, ಹೆಂಗಸರು ಬರಲಿಲ್ಲ. ನಾಲ್ಕನೆಯ ಸಂಜೆ, ಪ್ಲಾಸ್ಟರ್ ಬಿಚ್ಚಿ ತಿಂಗಳುಗಳೇ ಆಗಿದ್ದ ಅಕ್ಕ ಹಾಲಿನ ಕ್ಯಾನು ಹೊತ್ತು ದಂಡೆಗೆ ಬಂದಳು. ಅವಳ ಹಿಂದೆ ಉಳಿದ ಹೆಂಗಸರೂ ಇದ್ದರು. ಯಾರಿಗೂ ಏನೂ ಹೇಳದೆ ಒಬ್ಬಳೇ ನಡುವಿನ ತನಕ ನಡೆದು, ತಾನು ಬಿದ್ದಿದ್ದ ಬದಿಯ ಅಂಚಿಗೇ ಹೋಗಿ ನಿಂತಳು.

"ಬಾ ತಮ್ಮಾ," ಎಂದು ಕೂಗಿದಳು.

ನಾನು ಎದುರಿನ ದಂಡೆಯಿಂದ ಹೊರಟೆ. ನನಗರಿವಿಲ್ಲದೆ ನನ್ನ ಕಾಲು ಅವಳ ಎದುರಿನ ಅಂಚಿಗೆ ಹೋಗುತ್ತಿತ್ತು.

"ಆ ಕಡೆ ಯಾಕ ಹೊಂಟಿ? ತಕ್ಕಡಿ ತೂಗಾಕತ್ತಿ ಏನು? ನನ್ನ ಮಗ್ಗಲಕ್ಕ ಬಾ."

ಹೋಗಿ ಅವಳ ಮಗ್ಗುಲಲ್ಲಿ ನಿಂತೆ. ಅವಳು ಹಿಂದಿರುಗಿ, "ಏ, ಬರ್ರಿ ಬೇ ಎಲ್ಲಾರೂ" ಎಂದಳು. ಒಬ್ಬೊಬ್ಬರಾಗಿ ಬಂದು ಎಲ್ಲರೂ ಅದೇ ಬದಿಗೆ ನಿಂತರು. ನನ್ನ ಕಣ್ಣು ಹಲಗೆಯ ಮೇಲಿತ್ತು, ಅಂಗಾಲು ಕಿವಿಯಾಗಿತ್ತು. ಯಾರೋ ಕಿಸಕ್ಕನೆ ನಕ್ಕರು. ಹಲಗೆ ಒಂದಿಷ್ಟೂ ವಾಲಲಿಲ್ಲ.

ಅಕ್ಕ ಕ್ಯಾನನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಡೇರಿ ಮುಚ್ಚೂ ಹೊತ್ತಾತು, ದಾರಿ ಬಿಡು" ಅಂದಳು.

ನಾನು ಇನ್ನಷ್ಟು ಅಂಚಿಗೆ ಸರಿದು ನಿಂತೆ.