ಕೊಟ್ರಬಸಮ್ಮ ಓದಿದ ಬಣ್ಣಗಳು

ಕೊಟ್ಟೂರಿನ ಬಜಾರದಲ್ಲಿ ಸೀರೆಗೆ ಹೊಂದುವ ಜಂಪರ್ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರ್ ಇಟ್ಟಿರುವ ಕೊಟ್ರಬಸಮ್ಮನಿಗೆ ಗಿರಾಕಿಗಳ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲ. ‘ಬದನಿಕಾಯಿ ಬಣ್ಣದ ಸೀರಿಯಾಕಿ’ ಎಂದರೆ ಮಾತ್ರ ಆಕೆಯ ವಂಶಾವಳಿಯನ್ನೇ ಬಿಚ್ಚುತ್ತಾಳೆ. ಊರಿಗೆಲ್ಲ ಬಣ್ಣ ಹೊಂದಿಸುವ ಈ ಹೆಂಗಸು, ಗಂಡ ತೀರಿಕೊಂಡ ಮೇಲೆ ತಾನು ಮಾತ್ರ ಬೂದು ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಬಣ್ಣದ್ದು ಉಡಬೇಡ ಎಂದು ಯಾರೂ ಅಂದಿರಲಿಲ್ಲ. ಯಾರಾದರೂ ಅಂದಾರು ಎಂಬ ಹೆದರಿಕೆಯೊಂದೇ ಸಾಕಾಗಿತ್ತು.

ಬಣ್ಣಬಣ್ಣದ ಚಿತ್ರ ತೋರಿಸಿ ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳನ್ನು ಮನೆಗೆ ತಂದವಳು ಅಣ್ಣನ ಮಗಳು ಕೀರ್ತನಾ. ಡಿಗ್ರಿ ಓದಲೆಂದು ಸೋದರತ್ತೆಯ ಮನೆಯಲ್ಲಿದ್ದ ಹುಡುಗಿ ಫೋನಿನಲ್ಲಿ ಆರ್ಡರ್ ಮಾಡಿ, ಜೊತೆಗೆ ಬಂದ ಪುಸ್ತಕ ನೋಡಿ ಕಲಿತು, ಅತ್ತೆಗೇ ಪಾಠ ಶುರು ಮಾಡಿದಳು.

“ಹಳದಿ ಅಂದ್ರ ಬುದ್ಧಿ, ಅತ್ತಿ. ಕೆಂಪು ಅಂದ್ರ ಆಸೆ. ನೀಲಿ ಅಂದ್ರ ಮನಸ್ಸಿನ ಆಳ.”

“ಯಾವ ಊರಾಗ?” ಎಂದಳು ಕೊಟ್ರಬಸಮ್ಮ. “ಹಳದಿ ಅಂದ್ರ ಮೈಲಾರಪ್ಪ ದೇವ್ರ ಅರಿಷಿಣದ ಭಂಡಾರ. ಹರಕಿ ಬಾಕಿ ಐತಿ ಅಂತ. ಕೆಂಪು ಅಂದ್ರ ಸರ್ಕಾರಿ ಬಸ್ಸು, ಪ್ರಯಾಣ ಐತಿ. ನೀಲಿ ಅಂದ್ರ ಡ್ರಮ್ಮು. ನಳದಾಗ ನೀರು ಬರ್ತಾವ.”

“ಮತ್ತ ಬಿಳೇದು?”

“ಲೈನಿಂಗು. ಲೆಕ್ಕಕ್ಕಿಲ್ಲ.”

ಕೀರ್ತನಾ ಹಣೆ ಚಚ್ಚಿಕೊಂಡಳು. ಆದರೆ ಪಕ್ಕದ ಓಣಿಯ ಪಂಪಮ್ಮ ತಮಾಷೆಗೆ ನೀಲಿ ಕಾರ್ಡು ತೆಗೆದ ಸಂಜೆಯೇ ನಳದಲ್ಲಿ ನೀರು ಬಂತು. ಅವತ್ತು ನೀರು ಬಿಡುವ ದಿನವೇ ಆಗಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದರೆ ಪವಾಡ ಹೇಗಾದೀತು? ಆಮೇಲೆ ಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದಲೂ ಹೆಂಗಸರು ಅಂಗಡಿಗೆ ಬರತೊಡಗಿದರು. ಒಬ್ಬರಿಗೆ ಒಂದೇ ಕಾರ್ಡು, ಮೊದಲು ಬಂದ ಬಣ್ಣವೇ ಬಣ್ಣ. ಭವಿಷ್ಯಕ್ಕೆ ದುಡ್ಡಿಲ್ಲ, ಆದರೆ ಆ ಬಣ್ಣದ ಜಂಪರ್ ಪೀಸು ಒಯ್ಯದಿದ್ದರೆ ಫಲ ಸಿಗುವುದಿಲ್ಲ. ಹಳೇ ಸ್ಟಾಕೆಲ್ಲ ಖಾಲಿಯಾಯಿತು.

ಎದುರಿನ ಅಂಗಡಿಯ ಟೇಲರ್ ಮೈಲಪ್ಪ ಹಿರೇಹಡಗಲಿಯವನು, ಹೆಂಡತಿ ಕಳೆದುಕೊಂಡವನು. ದಾರ ಬೇಕೆಂಬ ನೆವ ಮಾಡಿಕೊಂಡು ದಿನಾ ಬರುತ್ತಿದ್ದ. ಹಾಗೆ ಒಯ್ದ ದಾರದಲ್ಲಿ ಇಡೀ ತಾಲ್ಲೂಕಿಗೆ ಅಂಚು ಹೊಲಿಯಬಹುದಿತ್ತು. ಒಂದು ಮಧ್ಯಾಹ್ನ ಬಂದವನು ದಾರ ಕೇಳಲೇ ಇಲ್ಲ.

“ನಾನೂ ಒಬ್ಬನ ಅದೀನಿ, ನೀವೂ ಒಬ್ರ ಅದೀರಿ. ಊರಾಗ ನಮ್ಮ ಮಂದಿ ಎಲ್ಲಾರೂ ಒಪ್ಯಾರ. ನೀವು ಹೂಂ ಅಂದ್ರ ಮದಿವಿ ಮಾಡ್ಕೊಳ್ಳೋಣ್ರಿ.” ತನ್ನ ದನಿಗೆ ತಾನೇ ಬೆದರಿ ಸೇರಿಸಿದ, “ಬೇಕಾದ್ರ ಕಾರ್ಡು ಕೇಳ್ರಿ.”

ಕೊಟ್ರಬಸಮ್ಮನಿಗೆ ಹೂಂ ಅನ್ನುವ ಆಸೆಯಿತ್ತು, ಮಂದಿಯ ಹೆದರಿಕೆಯೂ ಇತ್ತು. ಕಾರ್ಡು ಕಲೆಸಿ ಒಂದನ್ನು ಎತ್ತಿದಳು. ಕೆಂಪು.

“ಬಸ್ಸು. ನೀವು ಊರು ಬಿಟ್ಟು ಹೋಗ್ತೀರಿ ಅಂತೈತಿ.”

“ನಾ ಎಲ್ಲಿಗೂ ಹೋಗಂಗಿಲ್ರಿ.”

ಇನ್ನೊಂದು ಎತ್ತಿದಳು. ಹಸಿರು. “ಹಸಿರು ಬಳಿ. ಈ ವಯಸ್ಸಿನ್ಯಾಗ ಇಟ್ಕೊಂಡ್ರ ಮಂದಿ ನಗ್ತಾರ.” ಮತ್ತೊಂದು. ಹಳದಿ. “ಮೊದಲು ಹರಕಿ ತೀರಿಸ್ರಿ.”

“ಅತ್ತೀ, ಊರಿಗೆಲ್ಲ ಒಂದ ಕಾರ್ಡು, ನಿನಗೆಷ್ಟು?” ಎಂದು ಅಂಗಡಿಯ ಮೂಲೆಯಲ್ಲಿ ಕೂತಿದ್ದ ಕೀರ್ತನಾ ನಕ್ಕಳು. ಕೊಟ್ರಬಸಮ್ಮ ಕಣ್ಣು ಬಿಟ್ಟಳು.

ಮೈಲಪ್ಪ ತಾಳಲಾರದೆ ತಾನೇ ಒಂದು ಕಾರ್ಡು ಎಳೆದು ತಿರುಗಿಸಿದ. ಕಪ್ಪು ಬಾವುಟ ಹಿಡಿದು, ಕಪ್ಪು ಕವಚ ತೊಟ್ಟು, ಕುದುರೆಯ ಮೇಲೆ ಕೂತ ಅಸ್ಥಿಪಂಜರ!

“ಅಯ್ಯೋ, ಸಾವಿನ ಕಾರ್ಡು!” ಕೀರ್ತನಾ ಕಿರುಚಿದಳು.

ಮೈಲಪ್ಪನ ಮುಖ ಸಣ್ಣದಾಯಿತು. “ದೇವ್ರು ಒಲ್ಲೆ ಅಂದ. ತಪ್ಪು ತಿಳ್ಕೋಬ್ಯಾಡ್ರಿ” ಎಂದು ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸಿದ.

ಹುಡುಕುತ್ತಿದ್ದ ನೆಪ ತಾನಾಗಿಯೇ ಬಂದಿತ್ತು. ಕೊಟ್ರಬಸಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವನ ಬಾಗಿದ ಬೆನ್ನು ಕಣ್ಣಿಗೆ ಬಿತ್ತು. ಈ ಮನುಷ್ಯ ನಾಳೆ ದಾರಕ್ಕೂ ಬರುವುದಿಲ್ಲ. ಮತ್ತೆ ಕಾರ್ಡಿನತ್ತ ನೋಡಿದಳು. ಎಲುಬು ಕಾಣಲಿಲ್ಲ, ಕಪ್ಪಷ್ಟೇ ಕಂಡಿತು. ಕುರಿ ಸಾಕುವ ಅವರಿಬ್ಬರ ಮನೆತನಗಳಲ್ಲೂ ಕರಿ ಕಂಬಳಿ ಹಾಸಿ, ಮೇಲೆ ಅಕ್ಕಿ ಚೆಲ್ಲಿ, ಮದುಮಕ್ಕಳನ್ನು ಕೂರಿಸುತ್ತಾರೆ.

“ನಿಂದರ್ರಿ!” ಅವಳ ಕೂಗಿಗೆ ಬಜಾರವೇ ತಿರುಗಿ ನೋಡಿತು. “ಇದು ಸಾವಲ್ಲ, ಕಂಬಳಿ!”

“ಅತ್ತೀ, ಪುಸ್ತಕದಾಗ...”

“ಪುಸ್ತಕ ಬರದೋರು ಕುರಿ ಕಾದಾರೇನು?” ಎಂದು ಕೀರ್ತನಾಳ ಬಾಯಿ ಮುಚ್ಚಿಸಿ ಮೈಲಪ್ಪನತ್ತ ತಿರುಗಿದಳು. “ಕಂಬಳಿ ಹಾಸಿದ್ದಾತು. ಒಬ್ಬಾಕಿನ ಹೆಂಗ ಕುಂದರ್ಲಿ?”

ಮೈಲಪ್ಪ ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದ.