ಐದನೇ ದಿನದಕ್ಕ

ಬೆಳಗಿನ ಐದೂಮುಕ್ಕಾಲು. ನಾಲೆಯ ಏರಿಯ ಮೇಲೆ ಮೊಣಕಾಲುದ್ದ ಬೆಳೆದ ಹುಲ್ಲು ಇಬ್ಬನಿಗೆ ತೊಯ್ದು ಬಾಗಿದೆ. ರಬ್ಬರ್ ಬೂಟು ಹಾಕಿ, ಎರಡು ಜೊತೆ ಕೈಗವಸು ತೊಟ್ಟು, ಮೂಗು ಬಾಯಿಗೆ ಬಿಗಿಯಾಗಿ ಮಾಸ್ಕು ಕಟ್ಟಿದ ಹೆಂಗಸೊಬ್ಬರು ಸತ್ತ ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೊಲದ ಮೈಮೇಲೆ ಗಾಯವಿಲ್ಲ. ನಾಯಿ ಕಚ್ಚಿದ ಗುರುತಿಲ್ಲ. ಓಡುತ್ತಿದ್ದದ್ದು ಸುಸ್ತಾಗಿ ಮಲಗಿದಂತಿದೆ, ಕಣ್ಣು ಮಾತ್ರ ತೆರೆದೇ ಇದೆ.

"ದೂರ ನಿಂತ್ಕೊಳ್ಳಿ, ಗಾಳಿ ನಿಮ್ಮ ಕಡೆಗೇ ಬೀಸ್ತಿದೆ" ಎನ್ನುತ್ತಾರೆ. ಹತ್ತು ಹೆಜ್ಜೆ ಹಿಂದೆ ಸರಿಯುತ್ತೇನೆ. "ಇನ್ನೂ ಸ್ವಲ್ಪ." ಇನ್ನೂ ಹತ್ತು ಹೆಜ್ಜೆ. ಈ ಭೇಟಿಯುದ್ದಕ್ಕೂ ನನ್ನ ಧೈರ್ಯದ ಅಳತೆ ಅಷ್ಟೇ.

ಮೊಲವನ್ನು ಎತ್ತುವ ಮೊದಲು ಅವರು ಅದರ ಕಿವಿಯೊಳಗೆ ರಕ್ತ ಹೀರುತ್ತ ಕಚ್ಚಿಕೊಂಡಿರುವ ಉಣ್ಣೆಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ಚಿಕ್ಕ ಸೀಸೆಗೆ ಹಾಕುತ್ತಾರೆ. ಒಂಬತ್ತು ಸಿಕ್ಕಿವೆ. ಇದೇಕೆ ಮೊದಲು ಎಂದು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ: "ಮನೆ ತಣ್ಣಗಾದ್ರೆ ಬಾಡಿಗೆದಾರರು ಖಾಲಿ ಮಾಡ್ತಾರೆ. ಅವರಿಗೆ ಮುಂದಿನ ಮನೆ ನೀವೇ ಆಗಬಹುದು, ನಾನೇ ಆಗಬಹುದು." ಆಮೇಲೆ ಮೊಲ ಒಂದು ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ, ಅದು ಮುಚ್ಚಳ ಬಿಗಿಯುವ ಡಬ್ಬಕ್ಕೆ ಹೋಗುತ್ತದೆ. ಚೀಟಿಯ ಮೇಲೆ ಬರೆಯುತ್ತಾರೆ: ಈ ವರ್ಷದ ನಲವತ್ತೊಂದನೆಯದು, ಮೂರನೇ ಸೇತುವೆ, ಎಡದಂಡೆ.

ಇವರು ಪ್ರಾಣಿರೋಗ ಪರೀಕ್ಷಾಲಯದ ಹಿರಿಯ ತಂತ್ರಜ್ಞೆ. ವಯಸ್ಸು ಅರವತ್ತಕ್ಕೆ ಏಳು ವಾರ ಕಡಿಮೆ. ಪರೀಕ್ಷಾಲಯದಲ್ಲಿ ಇವರನ್ನು ಎಲ್ಲರೂ ಕರೆಯುವುದು ಐದನೇ ದಿನದಕ್ಕ ಎಂದು. ಮೊದಮೊದಲು ಹಿಂದೆ ಆಡಿಕೊಳ್ಳುತ್ತಿದ್ದ ಹೆಸರು ಈಗ ಎದುರಿಗೇ ನಡೆಯುತ್ತದೆ. ನಮ್ಮ ಪತ್ರಿಕೆಯ 'ಎಲೆಮರೆಯ ಕಾಯಿ' ಮಾಲಿಕೆಗೆ ನಿಮ್ಮ ಬಗ್ಗೆ ಬರೆಯಬೇಕು ಎಂದು ಫೋನಿನಲ್ಲಿ ಕೇಳಿದಾಗ ಅಕ್ಕ ಮೊದಲು ನಕ್ಕುಬಿಟ್ಟಿದ್ದರು. "ಎಲೆಮರೆಯಲ್ಲಿ ಕಾಯಿ ಇರುತ್ತೋ ಇಲ್ವೋ ಗೊತ್ತಿಲ್ಲ. ಉಣ್ಣೆ ಅಂತೂ ಇರುತ್ತೆ. ಪ್ಯಾಂಟು ಕಾಲುಚೀಲದೊಳಗೆ ಸಿಕ್ಕಿಸ್ಕೊಂಡು ಬನ್ನಿ."

ಅವರು ಬೆನ್ನು ಹತ್ತಿರುವ ರೋಗದ ಹೆಸರು ಟುಲರೀಮಿಯಾ. ಬಾಯಿಮಾತಿನಲ್ಲಿ ಮೊಲದ ಜ್ವರ. ಮೊಲ, ಇಲಿ, ಹೆಗ್ಗಣಗಳಿಗೆ ಬರುತ್ತದೆ. ಉಣ್ಣೆ ಕಚ್ಚಿದರೆ, ಸತ್ತ ಪ್ರಾಣಿ ಮುಟ್ಟಿದರೆ, ಅದು ಬಿದ್ದ ನೀರು ಕುಡಿದರೆ, ಒಮ್ಮೊಮ್ಮೆ ಬರೀ ಉಸಿರು ಎಳೆದುಕೊಂಡರೂ ಮನುಷ್ಯರಿಗೆ ದಾಟುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎನ್ನುವುದೊಂದೇ ಪುಣ್ಯ. ಜ್ವರ, ಕಂಕುಳಲ್ಲಿ ಗಂಟು, ಕೆಮ್ಮು, ಹೀಗೆ ನೂರು ಕಾಯಿಲೆಗಳ ವೇಷ ಹಾಕಿಕೊಂಡು ಬರುತ್ತದೆ. ಗಂಟಲು ನೋವಿಗೆ ಮಾಮೂಲಾಗಿ ಬರೆದುಕೊಡುವ ಔಷಧಿಗಳಿಗೆ ಇದು ಸೊಪ್ಪು ಹಾಕುವುದಿಲ್ಲ. ಸರಿಯಾದ ಔಷಧಿ ಬೇಗ ಸಿಕ್ಕರೆ ರೋಗಿ ಎದ್ದು ಕೂರುತ್ತಾನೆ. ತಡವಾದರೆ ಹೇಳಲಾಗದು.

ಎಂಟು ಗಂಟೆಗೆ ಪರೀಕ್ಷಾಲಯ. ಗಾಜಿನ ಮುಚ್ಚುಪೆಟ್ಟಿಗೆಯೊಳಗೆ ಕೈ ತೂರಿಸಿ ಅಕ್ಕ ಮೊಲದ ಗುಲ್ಮದ ಚೂರು ತೆಗೆದು, ಅಂಗೈಯಗಲದ ಪ್ಲೇಟಿನಲ್ಲಿ ಕೀಟಾಣು ಬೆಳೆಸಲೆಂದು ಹೆಪ್ಪುಗಟ್ಟಿಸಿದ ಕಂದು ಆಹಾರದ ಮೇಲೆ ಸವರುತ್ತಾರೆ. ಪ್ಲೇಟು ಮೈಬಿಸಿಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರ್ ಕಪಾಟಿಗೆ ಹೋಗುತ್ತದೆ. ಬೇರೆ ಕೀಟಾಣುಗಳು ಒಂದೆರಡು ದಿನದಲ್ಲಿ ಬೆಳೆದು ಕಾಣಿಸಿಕೊಳ್ಳುತ್ತವೆ. ಇದು ಮಹಾ ಸೋಮಾರಿ. ಮೂರನೇ ದಿನವೋ, ನಾಲ್ಕನೆಯದೋ, ಐದನೆಯದೋ ಒಂದು ಸಣ್ಣ ಬೂದು ಚುಕ್ಕೆ. ಕಪಾಟಿನ ಬಾಗಿಲಿಗೆ ಯಾರೋ ತಮಾಷೆಗೆ 'ತಾಳಿದವನು ಬಾಳಿಯಾನು' ಎಂದು ಬರೆದು ಅಂಟಿಸಿದ್ದಾರೆ. ಅಕ್ಕ ಅದನ್ನು ಕಿತ್ತಿಲ್ಲ. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಅವರೇ ಬರೆದ ಇನ್ನೊಂದು ಚೀಟಿಯಿದೆ: ಮೂಸಬೇಡಿ.

ಈ ಎರಡನೇ ಚೀಟಿಯ ಬಗ್ಗೆ ಕೇಳಿದೆ. ಅಕ್ಕ ಕುರ್ಚಿ ಎಳೆದುಕೊಂಡು ಕೂತರು.

ಹದಿನಾಲ್ಕು ವರ್ಷದ ಹಿಂದೆ ಅವರು ಈ ಕಟ್ಟಡದಲ್ಲಿರಲಿಲ್ಲ. ಕಾಂಪೌಂಡಿನ ಆಚೆಗಿರುವ ಆಸ್ಪತ್ರೆಯ ಪರೀಕ್ಷಾಲಯದಲ್ಲಿದ್ದರು. ಅಲ್ಲಿಯ ನಿಯಮ ಸರಳ: ಎರಡು ದಿನ ನೋಡು, ಏನೂ ಬೆಳೆಯದಿದ್ದರೆ 'ಬೆಳವಣಿಗೆ ಇಲ್ಲ' ಎಂದು ಬರೆದು ಪ್ಲೇಟನ್ನು ಹಬೆಗೆ ಹಾಕಿ ಎಸೆ. ಪ್ಲೇಟಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಒಂದು ಬುಧವಾರ ಅಕ್ಕ ಮುನ್ನೂರ ಹದಿನೆಂಟನೇ ನಂಬರಿನ ಪ್ಲೇಟನ್ನು ಹಾಗೆಯೇ ಎಸೆದರು. ಅದೇ ನಂಬರಿನ ಎರಡನೇ ಪ್ಲೇಟು ಕಪಾಟಿನ ಮೂಲೆಯಲ್ಲಿ ಟ್ರೇ ಹಿಂದೆ ಸಿಕ್ಕಿಕೊಂಡು ಅವರ ಕಣ್ಣಿಗೆ ಬೀಳಲೇ ಇಲ್ಲ. ಶನಿವಾರ ಕಪಾಟು ಒರೆಸುವಾಗ ಕೈಗೆ ಸಿಕ್ಕಿತು. ಅದರ ತುಂಬ ಬೂದು ಚುಕ್ಕೆ.

"ಆಗಿನ ಕಾಲದೋರು ನಾವೆಲ್ಲ ಪ್ಲೇಟು ಮೂಸಿ ನೋಡ್ತಿದ್ವಿ. ವಾಸನೆಯಲ್ಲೇ ಯಾವುದು ಅಂತ ಹೇಳೋದು ನಮಗೊಂದು ಜಂಬ. ಮುಚ್ಚಳ ತೆಗೆದೆ, ಮೂಸಿದೆ. ಗೊತ್ತಾಗ್ಲಿಲ್ಲ. ಆಮೇಲೆ ಯಾರದ್ದು ನೋಡೋಣ ಅಂತ ರಿಜಿಸ್ಟರ್ ತೆಗೆದೆ." ಆ ಸಾಲು ಈಗಲೂ ಎದುರಿಗಿದೆಯೇನೋ ಎಂಬಂತೆ ಅಕ್ಕ ಮೇಜಿನ ಮೇಲೆ ಬೆರಳಿಟ್ಟರು. "ನಮ್ಮ ತಂಗಿ ಗಂಡನದು. ಶುಕ್ರವಾರ ರಾತ್ರಿ ತೀರ್ಕೊಂಡಿದ್ದ. ಶನಿವಾರ ಮಧ್ಯಾಹ್ನ ಮಣ್ಣು ಮಾಡೋದಿತ್ತು. ಅರ್ಧ ದಿನ ಕೆಲಸ ಮುಗಿಸಿ ಹೋಗೋಣ ಅಂತ ಬಂದಿದ್ದೆ."

ತಂಗಿಯ ಗಂಡ ನಾಲೆಯ ಏರಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದವರು. ಹುಲ್ಲಿನಲ್ಲಿ ಸತ್ತುಬಿದ್ದಿದ್ದ ಮೊಲದ ಮೇಲೆ ಯಂತ್ರದ ಅಲಗು ಹರಿದಿತ್ತು. ಹನಿಯಾಗಿ ಹಾರಿದ್ದು ಉಸಿರಿನ ಜೊತೆ ಒಳಗೆ ಹೋಗಿದೆ. ನಾಲ್ಕು ದಿನಕ್ಕೆ ಜ್ವರ, ಕೆಮ್ಮು. ವೈದ್ಯರು ಪರೀಕ್ಷಾಲಯದಿಂದ ಬಂದ 'ಬೆಳವಣಿಗೆ ಇಲ್ಲ' ನಂಬಿ ಮಾಮೂಲಿ ಔಷಧಿಯನ್ನೇ ಮುಂದುವರಿಸಿದ್ದರು. ಆ ಚೀಟಿಯ ಕೆಳಗಿದ್ದದ್ದು ಅಕ್ಕನ ಸಹಿ. ನಿಯಮದ ಪ್ರಕಾರ ಅದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಪ್ಲೇಟು ಮೂಸಿದ ಐದನೇ ದಿನಕ್ಕೆ ಅಕ್ಕನಿಗೂ ಜ್ವರ ಬಂತು. ಆದರೆ ಅಷ್ಟು ಹೊತ್ತಿಗೆ ರೋಗದ ಹೆಸರು ಗೊತ್ತಾಗಿತ್ತು. ಸರಿಯಾದ ಮಾತ್ರೆ ಕೊಟ್ಟರು, ಎರಡು ವಾರಕ್ಕೆ ಎದ್ದು ಓಡಾಡಿದರು. "ಅವನನ್ನ ಉಳಿಸ್ಬೇಕಾಗಿದ್ದ ಪ್ಲೇಟು ನನ್ನನ್ನ ಉಳಿಸ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ." ಹಾಸಿಗೆಯಿಂದ ಎದ್ದವರೇ ತಂಗಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಯಾರೂ ಕೇಳಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಂಗಿ ಪೂರ್ತಿ ಕೇಳಿಸಿಕೊಂಡು, ಬಾಗಿಲು ತೋರಿಸಿದಳು. ಆರು ವರ್ಷ ಮಾತಾಡಲಿಲ್ಲ.

ಅಕ್ಕ ಅದೇ ವರ್ಷ ಪ್ರಾಣಿಗಳ ಕಟ್ಟಡಕ್ಕೆ ವರ್ಗ ಕೇಳಿ ಪಡೆದರು. ಬರುವ ಮೊದಲು ಆಸ್ಪತ್ರೆಯ ಪರೀಕ್ಷಾಲಯದ ಮುಖ್ಯಸ್ಥರನ್ನು ಕೇಳಿದ್ದು ಒಂದೇ ಮಾತು: ಎರಡನೇ ದಿನ ಎಸೆಯುವ ಪ್ಲೇಟುಗಳಲ್ಲಿ ಜ್ವರದವರದ್ದನ್ನು ಎಸೆಯುವ ಬದಲು ನನಗೆ ಕೊಡಿ. ಅಂದಿನಿಂದ ಪ್ರತಿದಿನ ಒಂಬತ್ತು ಗಂಟೆಗೆ ಕಾಂಪೌಂಡು ಗೋಡೆಯ ಗೇಟಿನಲ್ಲಿ ಬೀಗ ಹಾಕಿದ ಸ್ಟೀಲ್ ಡಬ್ಬವೊಂದು ಕೈಯಿಂದ ಕೈಗೆ ದಾಟುತ್ತದೆ. ದಿನಕ್ಕೆ ಹತ್ತೋ ಹನ್ನೆರಡೋ ಪ್ಲೇಟು. ಇನ್ನೂ ಮೂರು ದಿನ ಅಕ್ಕನ ಕಪಾಟಿನಲ್ಲಿ ಕೂರುತ್ತವೆ. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಖಾಲಿ. ಹದಿನಾಲ್ಕು ವರ್ಷದಲ್ಲಿ ಇಪ್ಪತ್ಮೂರು ಜನರ ಪ್ಲೇಟಿನಲ್ಲಿ ಬೂದು ಚುಕ್ಕೆ ಸಿಕ್ಕಿದೆ. ಇದ್ಯಾವುದೂ ಯಾವ ಆದೇಶದಲ್ಲೂ ಇಲ್ಲ, ಬರೀ ಬಾಯಿಮಾತಿನ ಮೇಲೆ ನಡೆಯುತ್ತಿದೆ.

ಮನುಷ್ಯರ ಪ್ಲೇಟು, ಪ್ರಾಣಿಗಳ ಪ್ಲೇಟು ಒಂದೇ ಕಪಾಟಿನಲ್ಲಿ ಕೂತದ್ದರಿಂದಲೇ ಇನ್ನೊಂದು ಸಂಗತಿ ಅಕ್ಕನ ಕಣ್ಣಿಗೆ ಬಿತ್ತು. ಚುಕ್ಕೆ ಬೆಳೆದ ಮೇಲೆ ಅದನ್ನು ಹೊಸ ಪ್ಲೇಟಿಗೆ ಸವರಿ, ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿಗೆ ಬಗ್ಗುವ ಕೀಟಾಣು ಬಿಲ್ಲೆಯ ಸುತ್ತ ಬೆಳೆಯುವುದಿಲ್ಲ, ಅಲ್ಲೊಂದು ಖಾಲಿ ಬಳೆ ಮೂಡುತ್ತದೆ. ಬಳೆ ಚಿಕ್ಕದಾದಷ್ಟೂ ಕೀಟಾಣು ಗಟ್ಟಿ. ಅಕ್ಕನನ್ನು ಉಳಿಸಿದ ಮಾತ್ರೆಯ ಬಿಲ್ಲೆಗೆ ಮೊದಲೆಲ್ಲ ಮೂವತ್ತು ಮಿಲಿಮೀಟರಿನ ಬಳೆ. ಕಳೆದ ವರ್ಷ ರೋಗ ಸಿಕ್ಕ ಇಪ್ಪತ್ತಾರು ಪ್ರಾಣಿಗಳ ಪೈಕಿ ನಾಲ್ಕರಲ್ಲಿ ಅದು ಹದಿನೈದು ದಾಟಿಲ್ಲ. ಈ ವರ್ಷ ಇಲ್ಲಿಯವರೆಗೆ ಹತ್ತೊಂಬತ್ತರಲ್ಲಿ ಆರು. ಆರೂ ಮೂರನೇ ಸೇತುವೆಯ ಆಸುಪಾಸಿನವು. ಯಾಕೆ ಹೀಗಾಗುತ್ತಿದೆ ಎಂದು ಕೇಳಿದೆ. "ಯಾಕೆ ಅನ್ನೋದು ನನಗೆ ಗೊತ್ತಿಲ್ಲ. ಗೊತ್ತಿರೋ ಹಾಗೆ ಮಾತಾಡಲ್ಲ. ಎಷ್ಟು ಅಂತ ಅಳೀತೀನಿ, ಎಲ್ಲಿ ಅಂತ ಬರೀತೀನಿ, ಅಷ್ಟೇ."

ನಾನು ಅಲ್ಲಿಗೆ ಹೋದ ವಾರವೇ ಆ ಡಬ್ಬದಲ್ಲಿ ಒಬ್ಬ ದರ್ಜಿ ಹೆಂಗಸಿನ ಪ್ಲೇಟು ಬಂದಿತ್ತು. ಅವರ ಬೆಕ್ಕು ಎಲ್ಲೋ ಇಲಿ ತಿಂದು ಬಂದು, ಬಲಗೈ ಬೆರಳು ಪರಚಿ, ಎರಡು ದಿನಕ್ಕೆ ಸತ್ತಿದೆ. ಹೊಲಿಯುವವರ ಬಲಗೈ. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟೆದ್ದು ಕೈ ಮೇಲೆತ್ತಲಾಗುತ್ತಿಲ್ಲ. ಬೆಕ್ಕಿನ ಕಥೆ ಕೇಳಿದ ವೈದ್ಯರು ಅನುಮಾನದ ಮೇಲೆಯೇ ಅದೇ ಮಾತ್ರೆ ಶುರು ಮಾಡಿದ್ದರು. ಒಂದು ವಾರವಾದರೂ ಜ್ವರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಕೀಟಾಣು ಬೇರೆಯೇ ಏನೋ ಇರಬೇಕೆಂದು ಗಂಟಿನ ಕೀವು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಎರಡನೇ ದಿನದ ಫಲಿತಾಂಶ: ಬೆಳವಣಿಗೆ ಇಲ್ಲ.

ಐದನೇ ದಿನ ಬೆಳಿಗ್ಗೆ ಅಕ್ಕ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಮುಚ್ಚಳ ತೆಗೆಯಲಿಲ್ಲ. ಮೂರು ಬೂದು ಚುಕ್ಕೆ. "ಅಷ್ಟು ಮಾತ್ರೆ ನುಂಗಿದ್ಮೇಲೂ ಬದುಕಿದೆ ನೋಡಿ" ಎಂದರು. ಖುಷಿಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ. ಅವರು ಆಗಲೇ ವಾರ್ಡಿಗೆ ಫೋನು ಹಚ್ಚಿದ್ದರು: "ಡಾಕ್ಟ್ರೇ, ಬಿಲ್ಲೆ ಪರೀಕ್ಷೆಗೆ ಇನ್ನೂ ಎರಡು ದಿನ ಬೇಕು. ಆದ್ರೆ ಈಯಮ್ಮನ ಮನೆ ಮೂರನೇ ಸೇತುವೆ ಹತ್ರ. ಅಲ್ಲಿ ಮೊಲಗಳು ಈ ಮಾತ್ರೆಗೆ ಬಗ್ತಿಲ್ಲ. ಇಂಜೆಕ್ಷನ್ ಬಗ್ಗೆ ಯೋಚನೆ ಮಾಡಿ." ವೈದ್ಯರು ಅಂದೇ ಔಷಧಿ ಬದಲಿಸಿದರು. ಏಳನೇ ದಿನ ಅಳತೆಪಟ್ಟಿ ಇಟ್ಟು ನೋಡಿದಾಗ ಮಾತ್ರೆಯ ಬಳೆ ಹದಿನಾಲ್ಕು, ಇಂಜೆಕ್ಷನ್ನಿನದು ಇಪ್ಪತ್ತೊಂಬತ್ತು. ಆ ಹೊತ್ತಿಗೆ ದರ್ಜಿಯಮ್ಮನ ಜ್ವರ ಇಳಿದಿತ್ತು. ಗಂಟು ಒಡೆದ ಜಾಗದಲ್ಲಿ ಗುಂಡಿ ಬಿದ್ದಿದೆ. ಆ ಕೈ ಮತ್ತೆ ಸೂಜಿ ಹಿಡಿಯುತ್ತದೆಯೋ ಇಲ್ಲವೋ, ಇನ್ನೂ ಯಾರೂ ಹೇಳುತ್ತಿಲ್ಲ.

ಏಳು ವಾರಕ್ಕೆ ಅಕ್ಕನಿಗೆ ನಿವೃತ್ತಿ. ಡಬ್ಬ ಅವರ ಹೆಸರಿನ ಮೇಲೆ ನಡೆಯುತ್ತಿರುವುದರಿಂದ ಅದಕ್ಕೂ ನಿವೃತ್ತಿ. ಪ್ಲೇಟುಗಳನ್ನು ಐದು ದಿನ ಇಡಬೇಕೆಂದು ಎರಡೂ ಕಟ್ಟಡಗಳ ನಿಯಮದಲ್ಲಿ ಒಂದು ಸಾಲು ಸೇರಿಸಿ ಎಂದು ಅಕ್ಕ ನಾಲ್ಕು ಪತ್ರ ಬರೆದಿದ್ದಾರೆ. ಮೇಲಧಿಕಾರಿಯನ್ನು ನಾನೂ ಕಂಡೆ. "ಒಳ್ಳೆ ವಿಚಾರವೇ. ಆದ್ರೆ ಕಪಾಟಿನಲ್ಲಿ ಜಾಗ ಬೇಕಲ್ಲ? ನೋಡೋಣ" ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಮಾತಿಗೆ ನನಗೆ ಬಂದ ಸಿಟ್ಟು ಅಕ್ಕನಿಗೆ ಬರಲಿಲ್ಲ. ಜಾಗ ಇಲ್ಲ ಅನ್ನುವುದು ನಿಜವೇ ಎಂದರು.

ತಂಗಿ ಆರು ವರ್ಷದ ನಂತರ ಒಂದು ದಿನ ಪರೀಕ್ಷಾಲಯದ ಬಾಗಿಲಲ್ಲಿ ಬಂದು ನಿಂತಿದ್ದಳಂತೆ. ಕಪಾಟು ತೋರಿಸು ಎಂದಳು. ಗಾಜಿನ ಆಚೆಯಿಂದ ಪ್ಲೇಟುಗಳ ಮೇಲಿನ ತಾರೀಖುಗಳನ್ನು ಒಂದೊಂದಾಗಿ ಓದಿ, ಹೊರಟುಹೋದಳು. ಮರುದಿನ ಸಂಜೆ ನಾಲ್ಕಕ್ಕೆ ಫೋನು ಬಂತು. ಅಂದಿನಿಂದ ಎಂಟು ವರ್ಷ, ಕೆಲಸದ ಪ್ರತಿದಿನ ಸಂಜೆ ನಾಲ್ಕಕ್ಕೆ ಬರುತ್ತದೆ. ತಂಗಿ ಒಂದು ಮಾತು ಕೇಳುತ್ತಾಳೆ, ಅಕ್ಕ ಒಂದು ಮಾತು ಹೇಳುತ್ತಾರೆ. ಅಕ್ಕತಂಗಿಯರ ನಡುವೆ ಉಳಿದಿರುವ ಬಳಕೆ ಅಷ್ಟೇ.

ನನ್ನ ಕೊನೆಯ ದಿನವೂ ನಾಲ್ಕಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಕೋಣೆ ಚಿಕ್ಕದು, ಆಚೆಯ ದನಿಯೂ ನನಗೆ ಕೇಳಿಸಿತು.

"ಎಸೆದ್ಯಾ?"

"ಇಲ್ಲ. ಎಲ್ಲಾ ಇದೆ."

ಮಾಮೂಲಾಗಿ ಇಷ್ಟಕ್ಕೆ ಫೋನು ಇಡುತ್ತಾಳಂತೆ. ಅಂದು ಇಡಲಿಲ್ಲ. "ಏಳು ವಾರ ಆದ್ಮೇಲೆ ಯಾರನ್ನ ಕೇಳ್ಲಿ ಅಕ್ಕ?" ಎಂದಳು.

ಹದಿನಾಲ್ಕು ವರ್ಷದ ನಂತರ ಅಕ್ಕ ಎಂದು ಕರೆದದ್ದು ಅದೇ ಮೊದಲಂತೆ. ಆಮೇಲೆ ನನಗೆ ಹೇಳಿದರು. ಆ ಗಳಿಗೆಯಲ್ಲಿ ಮಾತ್ರ ಅವರು ಫೋನು ಕಿವಿಗೆ ಹಿಡಿದೇ ಕಪಾಟಿನ ಕಡೆ ನೋಡುತ್ತಿದ್ದರು. ಫೋನು ತಾನಾಗಿಯೇ ಕಡಿದುಹೋಯಿತು. ಅವರು ಕನ್ನಡಕ ತೆಗೆದು ಸೆರಗಿಗೆ ಒರೆಸಿ, ಮತ್ತೆ ಹಾಕಿಕೊಂಡು, ನನ್ನ ಕಡೆ ತಿರುಗಿದರು.

"ನೋಡಿ, ನನ್ನ ಬಗ್ಗೆ ಕಮ್ಮಿ ಬರೀರಿ. ಹೆಸರಂತೂ ಬೇಡವೇ ಬೇಡ. ನಿಯಮಕ್ಕೆ ಸೇರಿಸಿ ಅಂತ ಕೇಳಿದ್ನಲ್ಲ, ಆ ಸಾಲು ಮಾತ್ರ ಪೂರ್ತಿ ಬರೀರಿ. ಪೇಪರಲ್ಲಿ ಬಂದಿದ್ದನ್ನ ಯಾರಾದ್ರೂ ಓದ್ತಾರೆ."

ಬರೆಯುತ್ತಿದ್ದೇನೆ ಅಕ್ಕ. ಕಾರಣ ತಿಳಿಯದ ಜ್ವರದವರ ಪ್ಲೇಟನ್ನು ಐದನೇ ದಿನ ನೋಡದೆ ಎಸೆಯಬಾರದು.