ಜುಮ್ರಿಯಾ ಬದಲಿಸಿದ ಚೀಟಿಗಳು

ವಾಕಟೋಬಿ ದ್ವೀಪಗಳ ಬಾಜೋ ಬೆಸ್ತರ ಕೇರಿಯಲ್ಲಿ ಮೀನು ಕೊಯ್ಯುವುದರಲ್ಲಿ ಜುಮ್ರಿಯಾಳನ್ನು ಮೀರಿಸುವವರಿರಲಿಲ್ಲ. ಹವಳದ ದಿಬ್ಬದ ಕೆಂಪು ಸುನು ಮೀನು ಕೈಗೆ ಬಂದರೆ, ಹೊಟ್ಟೆ ಸೀಳುವ ಮೊದಲೇ ಹೇಳಿಬಿಡುವಳು: "ಇದಿನ್ನೂ ಹೆಣ್ಣು. ಇದು ನೋಡು, ಮೊಟ್ಟೆ ಇಟ್ಟೂ ಇಟ್ಟೂ ಸಾಕಾಗಿ ಗಂಡಾಗಿದೆ." ಸುನು ಹೆಣ್ಣಾಗಿ ಬೆಳೆದು, ನಾಲ್ಕಾರು ವರ್ಷ ಕಳೆದು ಮೊಳದುದ್ದವಾದ ಮೇಲೆ ಗಂಡಾಗುತ್ತದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೂವತ್ತು ವರ್ಷದ ಕತ್ತಿಯೇ ಕಲಿಸಿತ್ತು.

ಈ ಮೀನಿನ ಬೆಳವಣಿಗೆ ತಿಳಿಯಲು ಕೆಂಡಾರಿ ಪಟ್ಟಣದಿಂದ ಲಿಲಿಸ್ ಎಂಬ ಸಂಶೋಧಕಿ ಬಂದಳು. ಮೀನು ಕೊಯ್ದು, ಮೊಟ್ಟೆಚೀಲವನ್ನೋ ಗಂಡಿನ ವೀರ್ಯ ತುಂಬಿದ ಹಾಲುಚೀಲವನ್ನೋ ಸೀಸೆಗೆ ಹಾಕಿ, ಮೀನಿನ ಉದ್ದ ಬರೆದ ಚೀಟಿ ಕಟ್ಟುವ ಕೆಲಸ. ಬರೆಯಲು ಬರುತ್ತದೆಂದು ಅವಳು ಆರಿಸಿದ್ದು ಜುಮ್ರಿಯಾಳ ಓರಗಿತ್ತಿ ಹಾಸ್ನಿಯನ್ನು.

"ಅಕ್ಕಾ, ನಿಮ್ಮ ಕತ್ತಿ ಸ್ವಲ್ಪ ಕೊಡ್ತೀರಾ?" ಹಾಸ್ನಿ ಕೇಳಿದಳು.

"ಕತ್ತಿ ಯಾಕಮ್ಮಾ? ಪೆನ್ನಲ್ಲೇ ಕೊಯ್ಕೊ."

ಮದುವೆಗೆ ಹೊರಟವಳಂತೆ ಮುಖಕ್ಕೆ ಬಿಸಿಲಿಗೆ ಹಚ್ಚುವ ಅಕ್ಕಿಹಿಟ್ಟಿನ ಲೇಪ ಬಳಿದುಕೊಂಡು ಹಾಸ್ನಿ ಕೆಲಸಕ್ಕೆ ಕೂರುವುದನ್ನು ಜುಮ್ರಿಯಾ ಮನೆಯ ಹಲಗೆಗೋಡೆಯ ಸಂದಿಯಿಂದ ನೋಡುವಳು. ಒಂದು ಮಧ್ಯಾಹ್ನ ಹಾಸ್ನಿ ಕೂಸಿಗೆ ಹಾಲೂಡಿಸಲು ಒಳಹೋದಾಗ, ಆರು ಸೀಸೆಗಳ ಚೀಟಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದಳು.

ವಾರದ ನಂತರ ಲಿಲಿಸ್ ಸೀಸೆಗಳನ್ನು ಹಿಡಿದು ಬಂದಳು. "ಏನಿದು ಹಾಸ್ನಿ? ಇಷ್ಟು ದೊಡ್ಡದರಲ್ಲಿ ಮೊಟ್ಟೆ, ಗೇಣುದ್ದದರಲ್ಲಿ ಹಾಲು!"

ಹಾಸ್ನಿಯ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಜುಮ್ರಿಯಾಳಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಲಿಲಿಸ್ ಮುಂದುವರಿದಳು: "ಅಥವಾ ನಿಮ್ಮ ಕಡಲಲ್ಲಿ ಸುನು ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತೋ ಏನೋ. ಹಾಗೇ ಬರ್ಕೋತೀನಿ."

"ಏನಂದ್ರಿ?" ಜುಮ್ರಿಯಾ ಒಳನುಗ್ಗಿದಳು. "ನನ್ನ ಸುನು ಬಗ್ಗೆ ಸುಳ್ಳು ಬರೀಬೇಡಿ. ಚೀಟಿ ಬದಲಾಯಿಸಿದ್ದು ನಾನು!"

"ನೀವಾ ಅಕ್ಕಾ? ನಿಮಗೆ ನಾನೇನು ಮಾಡಿದ್ದೆ?"

"ಏನೂ ಮಾಡಿಲ್ಲ ಕಣೇ. ಏನೂ ಮಾಡದೇನೇ ನಿಂಗೆ ಈ ಕೆಲಸ ಸಿಕ್ತಲ್ಲ, ಅದಕ್ಕೇ ಹೊಟ್ಟೆ ಉರೀತು."

ಲಿಲಿಸ್ ಆ ವಾರದ ಸೀಸೆಗಳನ್ನೆಲ್ಲ ಚೆಲ್ಲಿಸಿದಳು. ಎರಡು ದಿನ ಜುಮ್ರಿಯಾಳ ಮುಖ ನೋಡಲಿಲ್ಲ. ಮೂರನೆಯ ದಿನ ಹನ್ನೆರಡು ಮೀನು ಮುಂದಿಟ್ಟು, "ಯಾವುದು ಹೆಣ್ಣು, ಯಾವುದು ಗಂಡು, ಹೇಳಿ," ಎಂದಳು. ಕೊಯ್ದು ನೋಡಿದರೆ ಹನ್ನೊಂದು ಸರಿಯಿದ್ದವು.

ಅಂದಿನಿಂದ ಜುಮ್ರಿಯಾ ಕೊಯ್ದಳು, ಹಾಸ್ನಿ ಬರೆದಳು. ಅಳತೆ ಬಿಟ್ಟು ಬೇರೆ ಮಾತಾಡಲು ಹಾಸ್ನಿಗೆ ತಿಂಗಳೇ ಹಿಡಿಯಿತು. ಜುಮ್ರಿಯಾಳ ಹೊಟ್ಟೆಯುರಿಯೂ ಪೂರ್ತಿ ಆರಲಿಲ್ಲ. ಹಾಸ್ನಿಯ ಅಕ್ಷರ ಮುದ್ದಾಗಿದೆಯೆಂದು ಲಿಲಿಸ್ ಅಂದಾಗಲೆಲ್ಲ, ಅವಳ ಕತ್ತಿ ಮೀನಿನ ಬೆನ್ನುಮೂಳೆಯ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತಿತ್ತು.